ಹದಿನಾಲ್ಕನೆಯ ತಜ್ಞೆ

ಟೋರ್‌ಸುಂಡ್ ಪುರಸಭೆಯ ವ್ಯಾಪ್ತಿಯಲ್ಲಿ ತಜ್ಞರ ಅಭಿಪ್ರಾಯ ಕೇಳದೆ ನಾಯಿಗೂಡನ್ನೂ ಕಟ್ಟುವಂತಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸುತ್ತೇನೆ. ನಮ್ಮ ಸ್ವೀಡನ್ನಿನಲ್ಲಿ ಯಾರನ್ನೂ ಕೇಳದೆ ನಿರ್ಧರಿಸುವುದು ಅಸಭ್ಯತನ. ಅಭಿಪ್ರಾಯ ಕೇಳಿದ ಮೇಲೆ ತಜ್ಞರು ಉತ್ತರಿಸಲೇಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಕಟ್ಟಡ ಶಾಖೆಯ ಗುಮಾಸ್ತನಾದ ತೂರೆ ಎಂಬ ನಾನು ಪ್ರತಿ ಅರ್ಜಿಯನ್ನೂ ಹದಿಮೂರು ತಜ್ಞರಿಗೆ ಇಮೇಲ್ ಮಾಡಬೇಕು. ಹದಿಮೂರು ವಿಳಾಸ ಟೈಪಿಸುತ್ತ ಕೂರುವುದು ನನ್ನಂಥ ಪ್ರತಿಭಾವಂತನಿಗೆ ತಕ್ಕ ಕೆಲಸವಲ್ಲ ಅನ್ನಿಸಿತು. ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಏಳು ವಾರ ನನ್ನ ಟೆಕ್ಸ್ಟ್ ಎಡಿಟರಿಗೆ ಪಾಠ ಹೇಳಿಕೊಟ್ಟೆ. ‘ತಜ್ಞ’ ಎಂದು ಬರೆದು ಸ್ಪೇಸ್ ಒತ್ತಿದರೆ ಸಾಕು, ವಿಳಾಸಗಳೆಲ್ಲ ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತವೆ. ಸಹೋದ್ಯೋಗಿಗಳನ್ನು ಕರೆದು ತೋರಿಸಿದೆ. ಅವರು ಕಾಫಿಯನ್ನೂ ದಾಲ್ಚಿನ್ನಿ ಬನ್ನನ್ನೂ ಮುಗಿಸಿ ಎದ್ದುಹೋದರು.

ಪರೀಕ್ಷೆಗೆಂದು ಆ ಪಟ್ಟಿಯ ಕೊನೆಗೆ, ಆಗಷ್ಟೇ ಬಂದಿದ್ದ ಒಂದು ಪತ್ರದ ವಿಳಾಸವನ್ನೂ ಸೇರಿಸಿದ್ದೆ. ತೆಗೆಯಲು ಮರೆತೆ. ಅದು ಶಾಲೆಯ ಅಡುಗೆಮನೆಯಿಂದ ನಿವೃತ್ತರಾದ ಗುನ್‌ವೋರ್ ಸೆಲಾಂಡರ್ ಅವರದು. ಹಿಮ ಸರಿಸುವ ಗಾಡಿ ತಮ್ಮ ಬೇಲಿ ಮುರಿದಿದೆ ಎಂದು ದೂರು ಬರೆದಿದ್ದರು.

ದೂರಿಗೆ ಉತ್ತರ ಹೋಗಲಿಲ್ಲ, ಹೊಸ ಸೇತುವೆಯ ನಕ್ಷೆ ಹೋಯಿತು. ಹದಿಮೂರು ತಜ್ಞರು ಎಂದಿನಂತೆ ಸುಮ್ಮನಿದ್ದರು. ಗುನ್‌ವೋರ್ ಮೂರನೇ ದಿನಕ್ಕೆ ಬರೆದರು: ಸೇತುವೆಯ ಕಂಬಿ ಮಕ್ಕಳ ಕೈಗೆ ಎಟಕುವುದಿಲ್ಲ, ಕೆಳಗೆ ಇನ್ನೊಂದು ಹಾಕಿ. ತಜ್ಞರೊಬ್ಬರು ಉತ್ತರ ಬರೆದದ್ದು ಅದೇ ಮೊದಲು. ಶಾಖಾಧಿಕಾರಿ ಯೆರ್ಕರ್ ಅವರ ಕಣ್ಣು ಒದ್ದೆಯಾಯಿತು. ಆಕೆ ತಜ್ಞೆಯಲ್ಲ ಎಂದು ಹೇಳಿ ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆ ಸಂತೋಷದಲ್ಲೇ ನಿಯಮ ೧೧(ಇ) ಜಾರಿಗೆ ಬಂತು: ಕನಿಷ್ಠ ಒಂದು ಲಿಖಿತ ಅಭಿಪ್ರಾಯವಿಲ್ಲದ ಯಾವ ಕಡತವೂ ಮುಂದಕ್ಕೆ ಹೋಗತಕ್ಕದ್ದಲ್ಲ.

ಹೀಗೆ ಆರು ವರ್ಷ ಸೇತುವೆ, ದೋಣಿಕಟ್ಟೆ, ಈಜುಕೊಳ ಎಲ್ಲವೂ ಗುನ್‌ವೋರ್ ಒಬ್ಬರ ಮಾತಿನ ಮೇಲೆ ಎದ್ದವು. ಒಂದೂ ಬೀಳಲಿಲ್ಲ. ವಿದ್ಯಾವಂತನಾದ ನನಗೆ ಅದೊಂದು ಕಿರಿಕಿರಿ.

ಕಳೆದ ಸೆಪ್ಟೆಂಬರಿನಲ್ಲಿ ಗುನ್‌ವೋರ್ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯ ಮುಂದಿನ ಏಳು ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಲು ಅನುಮತಿ ಕೇಳಿದರು. ಹಿಮ ಬೀಳುವ ಮೊದಲು ಅದಾಗದಿದ್ದರೆ ಏಪ್ರಿಲ್‌ವರೆಗೆ ಮನೆಯೊಳಗೇ ಸೆರೆ. ನಾನು ‘ತಜ್ಞ’ ಎಂದು ಬರೆದು ಸ್ಪೇಸ್ ಒತ್ತಿದೆ. ಮರುದಿನವೇ ಅವರ ಉತ್ತರ ಬಂತು: ನನ್ನದೇ ಅರ್ಜಿಗೆ ನಾನೇ ಅಭಿಪ್ರಾಯ ಕೊಡುವುದು ಸರಿಯಲ್ಲ, ಆದ್ದರಿಂದ ಹಿಂದೆ ಸರಿಯುತ್ತೇನೆ. ಉಳಿದ ಹದಿಮೂರು ಜನಕ್ಕೂ ಫೋನು ಮಾಡಿದೆ. ಗುನ್‌ವೋರ್ ಏನೆನ್ನುತ್ತಾರೋ ಅದೇ ನಮ್ಮ ಅಭಿಪ್ರಾಯ ಎಂದರು ಎಲ್ಲರೂ.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಯೆರ್ಕರ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ತಜ್ಞೆಯೇ ಅಲ್ಲದ ಮೇಲೆ ಆ ನಿಯಮಕ್ಕೂ ಬೆಲೆಯಿಲ್ಲ, ಅದನ್ನು ರದ್ದು ಮಾಡಿ ಇಳಿಜಾರಿಗೆ ಅನುಮತಿ ಕೊಡೋಣ ಎಂದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

“ಹಾಗಂತ ನೀನು ಬರೆದುಕೊಟ್ರೆ ಸೇತುವೆ ಕೆಡವಬೇಕಾಗತ್ತೆ, ಈಜುಕೊಳ ಮುಚ್ಚಬೇಕಾಗತ್ತೆ. ನಮ್ಮಮ್ಮ ಅಲ್ಲೇ ಈಜೋದು ಕಣಯ್ಯ.”

ಗುನ್‌ವೋರ್ ಮನೆಗೇ ಹೋಗಿ ತಪ್ಪೊಪ್ಪಿಕೊಂಡೆ. ಅವರು ಊರುಗೋಲು ಮೇಜಿಗೆ ಒರಗಿಸಿ ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದರು.

“ಮೊದಲನೇ ದಿನವೇ ಗೊತ್ತಾಯ್ತಪ್ಪ. ನಾನು ಬೇಲಿ ವಿಷಯ ಕೇಳಿದ್ರೆ ನೀನು ಸೇತುವೆ ಕಳಿಸಿದ್ದೆ. ಪಾಪ, ಈ ಕಚೇರಿಯವರಿಗೆ ಹೇಳೋರು ಕೇಳೋರು ಯಾರೂ ಇಲ್ವೇನೋ ಅಂದ್ಕೊಂಡೆ.”

“ನನಗೆ ಒಂದು ಮಾತು ಬರೀಬಹುದಿತ್ತಲ್ಲ?”

“ಬರೆದೆ. ಆರು ಸಲ. ನೀನು ಓದಲಿಲ್ಲ.”

ಹಿಮ ಬೀಳುವ ವಾರ ವಿಶೇಷ ಸಭೆ ಸೇರಿತು. ನಾಲ್ಕು ಗಂಟೆ ಕಾಲ ಎಲ್ಲರೂ ಎಲ್ಲರ ಮಾತನ್ನೂ ಗೌರವದಿಂದ ಕೇಳಿದೆವು. ಕಡೆಗೆ ಯೆರ್ಕರ್ ಒಂದು ಅಂಶ ಗಮನಕ್ಕೆ ತಂದರು: ಇಳಿಜಾರಿಗೆ ಅನುಮತಿ ಬೇಕು, ಏಕೆಂದರೆ ಅದು ಕಟ್ಟಡ. ಮನುಷ್ಯ ಕಟ್ಟಡವಲ್ಲ. ಸಂಜೆಯೊಳಗೆ ಆದೇಶ ಹೊರಬಿತ್ತು.

‘ಗುಮಾಸ್ತ ತೂರೆ ಅವರನ್ನು ಏಪ್ರಿಲ್ ಅಂತ್ಯದವರೆಗೆ ತಾತ್ಕಾಲಿಕ ಇಳಿಜಾರಾಗಿ ನೇಮಿಸಲಾಗಿದೆ. ಸದರಿ ಇಳಿಜಾರು ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಮೂರಕ್ಕೂ ಅರ್ಜಿದಾರರ ಮೆಟ್ಟಿಲ ಬಳಿ ಹಾಜರಿದ್ದು, ಹೆಗಲು ಒದಗಿಸತಕ್ಕದ್ದು.’

ಅಂದಿನಿಂದ ನಾನು ಹಾಜರಿದ್ದೇನೆ. ಗುನ್‌ವೋರ್ ನನ್ನ ಹೆಗಲ ಮೇಲೆ ಭಾರ ಹಾಕಿ ಇಳಿಯುತ್ತಾರೆ, ಅಂಗಡಿಗೆ ಹೋಗುತ್ತಾರೆ, ಗೆಳತಿಯರನ್ನು ನೋಡುತ್ತಾರೆ, ಮೂರಕ್ಕೆ ಬಂದು ಹತ್ತುತ್ತಾರೆ. ಅಕ್ಕಪಕ್ಕದವರು ನನ್ನನ್ನು ಇಳಿಜಾರು ಎಂದೇ ಮಾತಾಡಿಸುತ್ತಾರೆ, ನಾನೂ ತಿರುಗಿ ನೋಡುತ್ತೇನೆ.

ಏಪ್ರಿಲ್ ಅಂತ್ಯ ಹತ್ತಿರವಾದಾಗ, ನೇಮಕವನ್ನು ಮುಂದುವರಿಸಬೇಕೇ ಎಂದು ಪದ್ಧತಿಯಂತೆ ತಜ್ಞರ ಅಭಿಪ್ರಾಯ ಕೇಳಲಾಯಿತು. ಪತ್ರ ಕಳಿಸಿದವನು ನಾನೇ. ಇದು ಸಿಬ್ಬಂದಿ ವಿಷಯವಾದ್ದರಿಂದ ಗುನ್‌ವೋರ್ ಹಿಂದೆ ಸರಿಯಬೇಕಾದ ಪ್ರಮೇಯ ಬರಲಿಲ್ಲ. ಮೂರನೇ ದಿನಕ್ಕೆ ಉತ್ತರ ಬಂತು. ಈ ಸಲ ನಾನು ಓದಿದೆ.

‘ಇಳಿಜಾರು ಸ್ವಲ್ಪ ದಪ್ಪ, ಮೂರನೇ ಮೆಟ್ಟಿಲಿಗೇ ಏದುಸಿರು ಬಿಡುತ್ತದೆ. ಆದರೆ ಕರೆದರೆ ಬರುತ್ತದೆ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಕಚೇರಿಯಲ್ಲಿ ಅದರಿಂದ ಅಂಥ ಉಪಯೋಗವೂ ಇರಲಿಲ್ಲ. ಖಾಯಂ ಮಾಡಬಹುದು.’

ಹದಿಮೂರು ತಜ್ಞರ ಆಕ್ಷೇಪಣೆ ಇರಲಿಲ್ಲ. ಖಾಯಂ ಆದೆ.