ಗಾಯದ ಜೊತೆ ಮಾತಾಡುವ ಅತ್ತೆ

ನನ್ನ ಸೋದರತ್ತೆಗೆ ಹುಚ್ಚಿಲ್ಲ, ಮೊದಲೇ ಹೇಳಿಬಿಡುತ್ತೇನೆ! ತಮ್ಮ ಗಾಯದ ಜೊತೆ ಮಾತಾಡುತ್ತಾರೆ, ಅಷ್ಟೇ.

ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವರು. ಒಮ್ಮೆ ಮಂಡಿ ಮೊಹಲ್ಲಾದ ತೆಂಗಿನಕಾಯಿ ಅಂಗಡಿಯವನನ್ನು ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದೀನಿ. ಮುಖ ಅಲ್ಲ ಕಣ್ರೀ, ರಕ್ತ!" ಅಂದುಬಿಟ್ಟರು. ಅಂದಿನಿಂದ ಇವರು ಬಂದರೆ ಅವನು ಒಳಗೆ ಹೋಗಿ ಹೆಂಡತಿಯನ್ನು ಕಳಿಸುತ್ತಾನೆ!

ಕಳೆದ ವರ್ಷ ಸಕ್ಕರೆ ಕಾಯಿಲೆಯ ಅತ್ತೆಗೆ ಚಪ್ಪಲಿ ಕಚ್ಚಿ ಹೆಬ್ಬೆರಳು ಹುಣ್ಣಾಯಿತು. ಆರಲೇ ಇಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ನೋಡಿಕೊಳ್ಳಲು ನಾನು ಹೋದೆ.

ಮೊದಲ ಮಧ್ಯಾಹ್ನವೇ ಮುಚ್ಚಿದ ಕೋಣೆಯೊಳಗಿಂದ ಪಿಸುಮಾತು. "ಬಂದ್ರಾ? ಎಷ್ಟು ಜನ?" ಆಮೇಲೆ ಮೌನ. ಉತ್ತರ ಕೇಳಿಸಿಕೊಳ್ಳುತ್ತಿರುವವರ ಮೌನ. "ಸತ್ತಿರೋದನ್ನೆಲ್ಲ ತಿಂದಾಯ್ತಾ?"

ಕಾಫಿ ಲೋಟ ಹಿಡಿದುಕೊಂಡೇ ಬಾಗಿಲು ತಳ್ಳಿದರೆ ಅತ್ತೆ ಒಬ್ಬರೇ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಕೂತಿದ್ದಾರೆ!

"ಯಾರತ್ತೆ ಬಂದಿರೋದು?"

"ಬಿಳಿ ರಕ್ತಕಣ ಕಣೇ. ಮೊದಲು ಬಂದು ಕ್ರಿಮಿ, ಸತ್ತ ಮಾಂಸ ಎಲ್ಲ ನುಂಗ್ತಾವೆ. ಸುತ್ತಮುತ್ತ ಶಾಂತ ಆದ್ಮೇಲೆ ಅವೇ ಗುಣ ಬದಲಾಯಿಸ್ಕೊಂಡು ಗಾಯ ಕೂಡ್ಸೋಕೆ ನಿಲ್ತಾವೆ. ಸಕ್ಕರೆ ಏರಿದ್ರೆ ಜಗಳ ಮುಗೀತು ಅಂತ ಅವಕ್ಕೆ ಗೊತ್ತೇ ಆಗಲ್ಲ. ಅದಕ್ಕೇ ಹೇಳ್ತಿದೀನಿ."

"ಅವಕ್ಕೆ ಕಿವಿ ಇದೆಯಾ?"

"ನಿನಗಿದೆಯಲ್ಲ, ನೀನು ಹೇಳಿದ್ದು ಕೇಳ್ತೀಯಾ?"

ಬರೀ ಮಾತಲ್ಲ, ಮತ್ತೆ! ಇನ್ಸುಲಿನ್ ತಪ್ಪಿಸಲಿಲ್ಲ, ದಿನಾ ಡ್ರೆಸಿಂಗ್, ಆ ಕಾಲನ್ನು ನೆಲಕ್ಕೂರಲಿಲ್ಲ. ಒಂದು ದಿನ ಗೋಡೆ ಗಡಿಯಾರದ ಸೆಲ್ಲನ್ನೇ ಕಿತ್ತಿಟ್ಟರು. ಟಿಕ್ ಟಿಕ್ ಅಂದರೆ ಕಣಗಳಿಗೆ ಗಾಬರಿಯಂತೆ! ಆ ನಿಶ್ಶಬ್ದದಲ್ಲಿ ನನ್ನ ಮೈಯೊಳಗೂ ಯಾರೋ ಬರಿಗಾಲಲ್ಲಿ ಓಡಾಡಿದಂತಾಗಿ, ಹಾಡುಹಗಲೇ ದೀಪ ಹಾಕಿ ಕೂತೆ. ನಗಬೇಡಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮೂರು ತಿಂಗಳಿಗೆ ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಹಬ್ಬಿ ಹುಣ್ಣು ಮುಚ್ಚಿತು. ಬೆರಳು ಉಳಿಯಿತು. ಡಾಕ್ಟರು ನಕ್ಕರು, ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಮನೆಗೆ ಬಂದು ಆ ಪಾದವನ್ನೇ ನೋಡುತ್ತಾ ಕೂತರು.

"ನಿಮ್ಮ ಮಾವ ಹೋಗಿದ್ದು ಹೇಗೆ ಗೊತ್ತಾ?" ಎಂದರು ಕೊನೆಗೆ. "ಕಾಲಲ್ಲಿ ಗಾಯ. ನನಗೆ ಗಾಬರಿಯಾಗತ್ತೆ ಅಂತ ಮನೇಲೂ ಸಾಕ್ಸ್ ಹಾಕ್ಕೊಂಡೇ ಇರ್ತಿದ್ರು. ನಾನು ಕೆಲಸ ಮುಗಿಸಿ ಬಂದು ಸುಸ್ತಾಗಿ ಮಲಗ್ತಿದ್ದೆ. ಒಂದಿನಾನೂ ಆ ಸಾಕ್ಸ್ ಬಿಚ್ಚಿ ನೋಡ್ಲಿಲ್ಲ ಕಣೇ. ನಂಜು ಏರಿ ಹೋಗ್ಬುಟ್ರು."

ನಾನು ಅವರ ಪಾದವನ್ನು ಮಡಿಲಿಗೆಳೆದುಕೊಂಡು ಆ ಎಳೆ ಚರ್ಮದ ಮೇಲೆ ಬೆರಳಿಟ್ಟೆ. ಬೆಚ್ಚಗಿತ್ತು.