ಫಾಸ್ಟರ್ ಸಿಟಿಗೆ ಬಂದ ಐರ್ಲೆಂಡ್ ಆಂಟಿ

ನೀವು ನಂಬಲ್ಲ. ಈಗ ಅರ್ಧ ಗಂಟೆ ಹಿಂದೆ, ಹಾಡಹಗಲಲ್ಲಿ, ನಮ್ಮನೆ ಡ್ರೈವ್‌ವೇಲಿ ನಡೆದಿದ್ದು ಹೇಳಿದ್ರೆ ನೀವು ನಂಬೋದೇ ಇಲ್ಲ. ಕೂತ್ಕೊಳ್ಳಿ, ಹೇಳ್ತೀನಿ. ಆದ್ರೆ ಮೊದಲಿಂದ ಹೇಳ್ಬೇಕು, ಇಲ್ದಿದ್ರೆ ತಲೆಬುಡ ಗೊತ್ತಾಗಲ್ಲ. ನಾನು ಹೋದ ಕಡೆಯೆಲ್ಲ ಹೀಗೇ ಏನಾದ್ರೂ ಒಂದು ಆಗ್ತಾನೇ ಇರುತ್ತೆ. ಬೇರೆಯವರು ಪರದೇಶಕ್ಕೆ ಹೋಗಿ ಫೋಟೋ ತರ್ತಾರೆ. ನಾನು ಇಂಥವು ತರ್ತೀನಿ.

ಅಪ್ಪನ ಷರತ್ತು

ನಾನು ಅಂಬೆಗಾಲಿಡ್ತಿದ್ದಾಗ ನಮ್ಮನೆಯವರು ಮೈಸೂರಿಂದ ಇಲ್ಲಿಗೆ, ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಗೆ ಬಂದಿದ್ದು. ಅಪ್ಪ ಚಿಪ್ ಮಾಡೋ ಕಂಪನೀಲಿ ಇಂಜಿನಿಯರು. ತಂಗಿ ಇಲ್ಲೇ ಹುಟ್ಟಿದೋಳು, ಕನ್ನಡ ಎಲ್ಲಾ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಇಂಗ್ಲಿಷು. ಹೋದ ವರ್ಷ ನಮ್ಮ ಕಾಲೇಜಲ್ಲಿ, ಒಂದು ಸೆಮಿಸ್ಟರು ಐರ್ಲೆಂಡಿನ ಯೂನಿವರ್ಸಿಟೀಲಿ ಹೋಗಿ ಓದಬಹುದು ಅಂದ್ರು. ನಾನು ಓದೋದು ಹಿಸ್ಟರಿ. ಅಪ್ಪನಿಗೆ ಅದೇ ಇನ್ನೂ ಅರಗಿರಲಿಲ್ಲ, ಅದರ ಮೇಲೆ ಇದು.

"ಇಡೀ ಪ್ರಪಂಚದ ಮಕ್ಕಳು ಅಮೆರಿಕಾಗೆ ಓದಕ್ಕೆ ಬರ್ತಾರೆ, ನೀನು ಅಮೆರಿಕಾ ಬಿಟ್ಟು ಓದಕ್ಕೆ ಹೋಗ್ತೀಯಾ? ಅಲ್ಲೇನಯ್ಯಾ ಇದೆ?"

"ಹಿಸ್ಟರಿ ಇದೆ ಅಪ್ಪ."

"ಹಿಸ್ಟರಿ ಬೇಕಿದ್ರೆ ಶ್ರೀರಂಗಪಟ್ಟಣಕ್ಕೆ ಹೋಗು. ತಾತನ ಮನೇಲಿ ಊಟಾನೂ ಸಿಗುತ್ತೆ."

ಕೊನೆಗೆ ಒಪ್ಪಿದ್ರು. ಆದ್ರೆ ನನಗಿಂತ ಹೆಚ್ಚಿನ ಪರೀಕ್ಷೆ ತಂಗಿಗೆ. ಅವಳಿಗೆ ಸಮುದ್ರದ ಜೀವಿಗಳ ಹುಚ್ಚು, ಆ ಯೂನಿವರ್ಸಿಟಿ ಇರೋದು ಸಮುದ್ರದ ಪಕ್ಕ, ಮುಂದೆ ತಾನೂ ಅಲ್ಲಿಗೇ ಹೋಗ್ಬೇಕು ಅಂತ ಅವಳ ಹಟ. ಅಪ್ಪ ಷರತ್ತು ಹಾಕಿದ್ರು. "ಮೊದಲು ಇವನು ಹೋಗಿ ನೆಟ್ಟಗೆ ವಾಪಸ್ ಬರ್ಲಿ. ಮೈ ಇಳಿದಿರಬಾರದು, ಮಾರ್ಕ್ಸ್ ಇಳಿದಿರಬಾರದು. ಆಮೇಲೆ ಇವಳು ಇರೋ ಮನೆ ಎಂಥದ್ದು ಅಂತ ನಿಮ್ಮಮ್ಮ ನೋಡಿ ಒಪ್ಪಬೇಕು."

ಅಮ್ಮ ಐರ್ಲೆಂಡಿಗೆ ಹೋಗಿ ಮನೆ ನೋಡಕ್ಕಾಗುತ್ತಾ? ಅಂದ್ರೆ, ಇವಳನ್ನ ಕಳಿಸಲ್ಲ ಅನ್ನೋದನ್ನ ಅಪ್ಪ ಇಂಜಿನಿಯರ್ ಥರ ಹೇಳಿದ್ರು ಅಷ್ಟೇ.

ಏರ್‌ಪೋರ್ಟಲ್ಲಿ ಅಮ್ಮ ಅತ್ರು, ಅಪ್ಪ ಕೆಮ್ಮಿದ್ರು. ತಂಗಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು, "ಡೋಂಟ್ ಮೆಸ್ ದಿಸ್ ಅಪ್ ಫಾರ್ ಮಿ" ಅಂದ್ಲು. ಸ್ವಂತ ತಂಗಿ. ಹಿಂದಿನ ದಿನ ನನ್ನ ಸೂಟ್‌ಕೇಸು ಮುಚ್ಚೋವಾಗ ಅದನ್ನ ತಬ್ಕೊಂಡ ಅರ್ಧದಷ್ಟಾದ್ರೂ ನನ್ನ ತಬ್ಕೋಬೇಕಾ ಬೇಡ್ವಾ?

ಕೈ ತಪ್ಪಿದ ಪೈ

ಇಲ್ಲಿ ನಮ್ಮಮ್ಮ ಕಲಿಸಿದ ಒಂದು ಪಾಠ ಹೇಳ್ಬೇಕು. ಇನ್ನೊಬ್ಬರ ಮನೇಲಿ ಏನಾದ್ರೂ ಕೊಟ್ರೆ ಮೊದಲನೇ ಸಲ ಬೇಡ ಅನ್ನಬೇಕು. ಅವರು ಮತ್ತೆ ಕೇಳ್ತಾರೆ, ಆಗ್ಲೂ ಬೇಡ ಅನ್ನಬೇಕು. ಬಲವಂತ ಮಾಡಿದ್ಮೇಲೆ, ಅವರಿಗೋಸ್ಕರ ಅನ್ನೋ ಹಾಗೆ ಮುಖ ಮಾಡಿ ತಗೋಬೇಕು. ಮೈಸೂರಲ್ಲಿ ಇದು ಉಸಿರಾಡೋ ಹಾಗೆ, ಯಾರೂ ಹೇಳ್ಕೊಡೋದೇ ಬೇಡ.

ಚಿಕ್ಕೋನಿದ್ದಾಗ ರೆಡ್‌ವುಡ್ ಸಿಟೀಲಿ ಒಬ್ಬ ಸ್ಕೂಲ್ ಫ್ರೆಂಡ್ ಮನೆಗೆ ಹೋಗಿದ್ದೆ. ಅವರಮ್ಮ ಆಪಲ್ ಪೈ ತಂದ್ರು, ಸೇಬಿನ ಹೂರಣದ ಸಿಹಿ, ಹಬೆಯಾಡ್ತಿತ್ತು. "ಸ್ವಲ್ಪ ಕೊಡ್ಲಾ?"

"ನೋ, ಥ್ಯಾಂಕ್ಯೂ" ಅಂದು, ಎರಡನೇ ಸಲ ಕೇಳ್ತಾರೆ ಅಂತ ಚಮಚ ಹಿಡ್ಕೊಂಡು ಕಾದೆ.

"ಓಕೆ" ಅಂದ್ರು. ತಟ್ಟೆ ಎತ್ತಿ ಒಳಗೆ ಹೋಗೇಬಿಟ್ರು.

ಮನೆಗೆ ಬಂದು ಹೇಳಿದ್ರೆ ಅಮ್ಮನಿಗೆ ಪೈ ಹೋದ ದುಃಖ ಅಲ್ಲ, ಆಶ್ಚರ್ಯ. "ಒಂದೇ ಸಲ ಕೇಳಿ ಬಿಟ್ಟುಬಿಟ್ರಾ? ಪಾಪ, ಅವರಿಗೆ ಮೈ ಹುಷಾರಿರ್ಲಿಲ್ವೇನೋ."

ಅವತ್ತಿಂದ ನಾನು ಪೂರ್ತಿ ಕ್ಯಾಲಿಫೋರ್ನಿಯಾದೋನಾದೆ. ಕೇಳಿದ ತಕ್ಷಣ ಎಸ್. ಮುಂದೆ ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬ ಆಂಟಿ "ಇನ್ನೊಂದು ಚಿರೋಟಿ ಹಾಕ್ಲೇನಪ್ಪಾ?" ಅಂದ್ರು, ನಾನು "ಹೂಂ" ಅಂದೆ. ಆಂಟಿ ನಮ್ಮಮ್ಮನ ಕಡೆ ತಿರುಗಿ, "ಪಾಪ, ಹಸಿದಿತ್ತು ಮಗು" ಅಂದ್ರು. ಮನೆಗೆ ವಾಪಸ್ ಬರ್ತಾ ಫ್ರೀವೇ ಉದ್ದಕ್ಕೂ ಅಮ್ಮ ನನ್ನ ಹತ್ರ ಮಾತಾಡ್ಲಿಲ್ಲ.

ಬೇಡ ಅಂದ್ರೆ ಇನ್ನೊಂದು

ಹೀಗಿರೋ ನಾನು ಐರ್ಲೆಂಡಲ್ಲಿ ಇಳಿದೆ. ನನಗೆ ರೂಮು ಕೊಟ್ಟಿದ್ದು ಒಬ್ಬ ವಯಸ್ಸಾದ ಹೆಂಗಸು, ಒಬ್ರೇ ಇರೋರು. ಹೆಸರು ಹಿಡಿದು ಕರಿ ಅಂದ್ರು, ನನ್ನ ನಾಲಿಗೆ ಏಳಲಿಲ್ಲ, ಆಂಟಿ ಅಂದೆ. ಅವರಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಪಕ್ಕದ ಮನೆಯವರನ್ನ ಕರೆದು ಇನ್ನೊಂದ್ಸಲ ಅನ್ನಿಸಿದ್ರು.

ಹೋದ ತಕ್ಷಣ, "ಟೀ ಕುಡಿತೀಯಾ?"

ಪ್ಲೇನಲ್ಲಿ ಹೊಟ್ಟೆ ತುಂಬ ತಿಂದಿದ್ದೆ. ನಿಜವಾಗ್ಲೂ ಬೇಡವಾಗಿತ್ತು. ಬೇಡ ಅಂದೆ.

"ಕುಡಿತೀಯ, ಕುಡಿತೀಯ."

"ಇಲ್ಲ ಆಂಟಿ, ಬೇಡ."

"ಅರ್ಧ ಲೋಟ ಅಷ್ಟೇ."

ಬಂದಿದ್ದು ಒಂದು ಕೆಟಲ್ ಪೂರ್ತಿ. ಜೊತೆಗೆ ಕಂದು ಬಣ್ಣದ ಬ್ರೆಡ್ಡು, ಮೇಲೆ ಇಟ್ಟಿಗೆ ದಪ್ಪ ಬೆಣ್ಣೆ. ಬೇಡ ಅಂದೆ, ಇನ್ನೊಂದು ಹಾಕಿದ್ರು. ದಯವಿಟ್ಟು ಬೇಡ ಅಂದೆ, ಅದಕ್ಕೆ ಜಾಮ್ ಹಚ್ಚಿದ್ರು. ಇದು ಗೊತ್ತಿರೋ ಸೀನು, ಇದನ್ನ ಎಲ್ಲೋ ನೋಡಿದೀನಿ ನಾನು. ಆಮೇಲೆ ಹೊಳೀತು, ಇದು ಮೈಸೂರಲ್ಲಿ ನಮ್ಮಜ್ಜಿ ಊಟಕ್ಕೆ ಬಡಿಸೋ ರೀತಿ. ಸೀರೆ ಬದಲು ಕಾರ್ಡಿಗನ್ನು, ಅಷ್ಟೇ ವ್ಯತ್ಯಾಸ.

ನಾನು ಮಾಂಸ ತಿನ್ನಲ್ಲ ಅಂದಾಗ ಅವರು ಫ್ರಿಜ್ ಬಾಗಿಲು ತೆಗೆದು ನೋಡಿ ಮುಚ್ಚಿದ್ರು. ಅವತ್ತಿಂದ ನನ್ನ ತಟ್ಟೇಲಿ ಬೇಯಿಸಿದ ಆಲೂಗಡ್ಡೆ, ಹುರಿದ ಆಲೂಗಡ್ಡೆ, ಹಿಸುಕಿದ ಆಲೂಗಡ್ಡೆ, ಮೂರೂ ಒಟ್ಟಿಗೆ. ಫೋನಲ್ಲಿ ಅಮ್ಮ, "ಊಟಕ್ಕೆ ಏನು ಮಾಡ್ತಾರೋ?" ಅಂತ ಕೇಳಿದ್ರು. ತಂಗಿ ನೆನಪಾದ್ಲು. "ಮೂರು ಥರ ಪಲ್ಯಮ್ಮ, ದಿನಾ" ಅಂದೆ. ಅಮ್ಮ ಅಪ್ಪನಿಗೆ ಹೇಳಿದ್ದು ಕೇಳಿಸ್ತು: "ರೀ, ನಾನೂ ಮಾಡಲ್ಲ ಅಷ್ಟು."

ಬಿಸಿನೀರಿನ ಸ್ವಿಚ್ಚು

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು, ಯಾವಾಗ ಬೇಕಾದ್ರೂ. ಅಲ್ಲಿ ಹಾಗಲ್ಲ. ಒಂದು ಸ್ವಿಚ್ಚು ಹಾಕ್ಬೇಕು, ನೀರು ಕಾಯಬೇಕು, ನೆನಪಿಟ್ಕೊಂಡು ಆರಿಸ್ಬೇಕು. ಒಂದು ದಿನ ಸ್ನಾನ ಮಾಡಿ, ಸ್ವಿಚ್ಚು ಮರೆತು, ಕ್ಲಾಸಿಗೆ ಹೋಗ್ಬಿಟ್ಟೆ. ಸಾಯಂಕಾಲ ಬಂದ್ರೆ ಮನೇಲಿ ಜನ. ಆಂಟಿ, ಪಕ್ಕದ ಮನೆಯಾಕೆ, ಆಕೆ ಗಂಡ, ಎಲ್ಲಾ ಟೀ ಹಿಡ್ಕೊಂಡು ಸುಮ್ಮನೆ ಕೂತಿದಾರೆ. ನಾನು ಯಾರಾದ್ರೂ ಹೋಗ್ಬಿಟ್ರೇನೋ ಅಂತ ಹೆದರಿ ಬಾಗಿಲಲ್ಲೇ ನಿಂತೆ.

ಆಂಟಿ ಮೆಲ್ಲಗೆ, "ಬೆಳಗಿಂದ ಉರೀತಾ ಇತ್ತು" ಅಂದ್ರು.

ಪಕ್ಕದ ಮನೆಯಾತ, "ಹುಡುಗ ಬೇಕು ಅಂತ ಮಾಡಿರಲ್ಲ ಬಿಡಿ" ಅಂದ.

ನನಗೆ ಒಂದೇ ಯೋಚನೆ, ಇವರು ನನ್ನ ಓಡಿಸಿದ್ರೆ ತಂಗಿ ಕಥೆ ಮುಗೀತು. ಏನು ಹೇಳ್ಬೇಕೋ ತೋಚದೆ, ಮೈಸೂರಲ್ಲಿ ನಮ್ಮ ತಾತನೂ ಹೀಗೇ, ಗೀಸರ್ ಸ್ವಿಚ್ಚಿನ ಮುಂದೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರೆ, ಯಾರಾದ್ರೂ ಆರಿಸೋದು ಮರೆತ್ರೆ ಹಿಡಿಯಕ್ಕೆ, ಅಂದೆ. ಮನೆಯೆಲ್ಲ ಒಂದು ಥರ ಹಗುರ ಆಯ್ತು. ಆಂಟಿ, ತಾತನ ವಯಸ್ಸೆಷ್ಟು, ಆರೋಗ್ಯ ಹೇಗಿದೆ ಅಂತೆಲ್ಲ ವಿಚಾರಿಸಿ, "ಒಳ್ಳೆ ಮನೆತನದ ಹುಡುಗ" ಅಂದ್ರು. ಮಾರನೇ ದಿನ ಆ ಸ್ವಿಚ್ಚಿನ ಮುಂದೆ ಒಂದು ಕುರ್ಚಿ ಬಂದಿತ್ತು.

ನಾಟ್ ಟೂ ಬ್ಯಾಡ್

ಯೂನಿವರ್ಸಿಟೀಲಿ ನನ್ನ ಮೊದಲನೇ ಪ್ರಬಂಧ. ಎರಡು ವಾರ ಕೂತು ಬರೆದಿದ್ದೆ. ನಮ್ಮ ಪ್ರೊಫೆಸರು ಎಲ್ಲರ ಎದುರಿಗೆ ನನ್ನ ಕಡೆ ನೋಡಿ, "ನಾಟ್ ಟೂ ಬ್ಯಾಡ್" ಅಂದು ಮುಂದೆ ಹೋದ್ರು. ಕ್ಯಾಲಿಫೋರ್ನಿಯಾದಲ್ಲಿ ಪೆನ್ಸಿಲ್ ಚೂಪು ಮಾಡಿದ್ರೂ "ಗ್ರೇಟ್ ಜಾಬ್" ಅನ್ನಿಸ್ಕೊಂಡು ಬೆಳೆದ ಹುಡುಗ ನಾನು. ನಾಟ್ ಟೂ ಬ್ಯಾಡ್ ಅಂದ್ರೆ ಫೇಲು ಅಂತಾನೇ ಲೆಕ್ಕ. ಮಾರ್ಕ್ಸ್ ಇಳೀತು, ತಂಗಿ ಮುಳುಗಿದ್ಲು.

ಮನೆಗೆ ಬಂದು ಆಂಟಿ ಮುಂದೆ ಮುಖ ಇಳಿಬಿಟ್ಟು ಕೂತೆ. ಅವರು ಕೇಳಿ ಕಪ್ ಕೆಳಗಿಟ್ರು. "ಹಾಗಂದ್ರಾ? ಎಲ್ಲರ ಮುಂದೆ?" ಕೋಟ್ ಹಾಕ್ಕೊಂಡು ಆಚೆ ಹೋದ್ರು. ಅಯ್ಯೋ, ಜಗಳಕ್ಕೆ ಹೋದ್ರಲ್ಲಪ್ಪಾ ಅಂದ್ಕೊಂಡೆ. ಹೋಗಿದ್ದು ಬೇಕರಿಗೆ. ಕೇಕ್ ತಂದ್ರು. ಆ ಪ್ರೊಫೆಸರು ಅದಕ್ಕಿಂತ ದೊಡ್ಡ ಹೊಗಳಿಕೆ ಮಾತು ಈ ಊರಲ್ಲಿ ಯಾರಿಗೂ ಹೇಳಿಲ್ವಂತೆ. ಮಾರ್ಕ್ಸ್ ಬಂದಾಗ ನೋಡಿದ್ರೆ ಕ್ಲಾಸಿಗೇ ಮೊದಲು ನಾನು.

ಅಲ್ಲ, ನಾನಾದ್ರೂ ಎಂಥ ದಡ್ಡ ನೋಡಿ. ಹುಟ್ಟಿದಾಗಿಂದ ನಮ್ಮಪ್ಪ ಮಾತಾಡೋ ಭಾಷೇನೇ ಅದು. ಫೋನ್ ಮಾಡಿ ಫಸ್ಟ್ ಬಂದೆ ಅಂದ್ರೆ ಅಪ್ಪ ಅಂದಿದ್ದೇನು?

"ಪರವಾಗಿಲ್ಲ."

ಇವತ್ತು

ನಾನು ವಾಪಸ್ ಬಂದೆ. ಆಲೂಗಡ್ಡೆ ಕೃಪೆಯಿಂದ ಮೈ ಇಳಿಯೋದಿರಲಿ, ಪ್ಯಾಂಟಿನ ಗುಂಡಿ ಕೂರ್ತಿರ್ಲಿಲ್ಲ. ಮಾರ್ಕ್ಸೂ ಮೇಲೆ. ಉಳಿದಿದ್ದು ಅಮ್ಮನ ಒಪ್ಪಿಗೆ ಒಂದೇ. ನೋಡಿ ಅದೃಷ್ಟ, ಆಂಟಿಯ ತಂಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನರ್ಸು, ಆಂಟಿ ಅವರನ್ನ ನೋಡಕ್ಕೆ ಬಂದ್ರು. ಅಮ್ಮ ಮನೆ ನೋಡಕ್ಕೆ ಹೋಗೋ ಬದಲು ಮನೆಯಾಕೇನೇ ಇಲ್ಲಿಗೆ ಬಂದ ಹಾಗಾಯ್ತು. ಅಮ್ಮ ಇಬ್ಬರನ್ನೂ ಇವತ್ತು ಊಟಕ್ಕೆ ಕರೆದ್ರು. ಬಿಸಿಬೇಳೆಬಾತು, ಕೋಸಂಬರಿ, ಹೋಳಿಗೆ. ನನ್ನ ತಂಗಿ ಬೆಳಗ್ಗೆಯಿಂದ ಕೇಳದೇನೇ ಪಾತ್ರೆ ತೊಳೀತಿದ್ಲು. ಅಪ್ಪ ಹೆದರಿ ಜ್ವರ ಇದೆಯಾ ನೋಡಿದ್ರು.

ಊಟ ಅಂದ್ರೆ ಊಟ. ಅಮ್ಮ ಹೋಳಿಗೆ ಹಿಡಿದು ನಿಂತ್ರು, ಆಂಟಿ ಬೇಡ ಅಂದ್ರು, ಅಮ್ಮ ಹಾಕಿದ್ರು. ಆಂಟಿ ತಟ್ಟೆಗೆ ಕೈ ಅಡ್ಡ ಹಿಡಿದ್ರು, ಅಮ್ಮ ಬೆರಳ ಸಂದೀಲಿ ತುಪ್ಪ ಬಿಟ್ರು. ಇಬ್ಬರ ಮುಖದಲ್ಲೂ ಎಂಥ ಕಳೆ ಅಂತೀರಿ. ಅಮ್ಮ ಅಡುಗೆಮನೇಲಿ ನನ್ನ ಕಿವೀಲಿ, "ಎಷ್ಟು ಚೆನ್ನಾಗಿ ಬೇಡ ಅಂತಾರೋ. ಸಂಸ್ಕಾರವಂತರು. ಹುಡುಗೀನ ಧೈರ್ಯವಾಗಿ ಕಳಿಸ್ಬಹುದು" ಅಂದ್ರು. ತಂಗಿ ಕೇಳಿಸ್ಕೊಂಡ್ಲು. ಗೆದ್ವಿ ಅಂದ್ಕೊಂಡ್ವಿ ಇಬ್ರೂ.

ಹೊರಡೋ ಹೊತ್ತು. ನರ್ಸು ಕಾರ್ ಸ್ಟಾರ್ಟ್ ಮಾಡಿ ಕೂತ್ರು. ಆಂಟಿ ಡ್ರೈವ್‌ವೇಲಿ ಅಮ್ಮನ ಕೈ ಹಿಡ್ಕೊಂಡು, "ಮುಂದಿನ ವರ್ಷ ಹುಡುಗಿ ನಮ್ಮನೇಲೇ ಇರ್ಲಿ, ನನ್ನ ಮಗಳ ಹಾಗೆ ನೋಡ್ಕೋತೀನಿ" ಅಂದ್ರು.

ಅಮ್ಮ ಎಂದಿನ ಹಾಗೆ, "ಛೆ ಛೆ, ಬೇಡಿ, ನಿಮಗ್ಯಾಕೆ ತೊಂದರೆ" ಅಂದ್ರು.

ಆಂಟಿ ಬಾಯಿ ತೆಗೆದ್ರು. ಅಷ್ಟರಲ್ಲಿ ಕಾರೊಳಗಿಂದ ನರ್ಸು ತಲೆ ಅಲ್ಲಾಡಿಸಿದ್ರು. ಪಾಪ, ಅವರು ಅಕ್ಕನಿಗೆ ಹೇಳ್ಕೊಟ್ಟಿದ್ರಂತೆ, ಈ ಕ್ಯಾಲಿಫೋರ್ನಿಯಾದಲ್ಲಿ ಜನ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ, ಬಲವಂತ ಮಾಡಿ ನನ್ನ ಮರ್ಯಾದೆ ತೆಗೀಬೇಡ ಅಂತ. ಆಂಟಿ ಬಾಯಿ ಮುಚ್ಚಿದ್ರು. "ನಿಮ್ಮಿಷ್ಟ" ಅಂದ್ರು. ಕಾರ್ ಹತ್ತಿದ್ರು. ಬಾಗಿಲು ಹಾಕ್ಕೊಂಡ್ರು.

ಅಮ್ಮ ನನ್ನ ಕಡೆ ತಿರುಗಿದ್ರು. "ಏನೋ ಇದು, ಒಂದೇ ಸಲಕ್ಕೆ ಬಿಟ್ಟುಬಿಟ್ರು?"

"ನೀನು ಬೇಡ ಅಂದ್ಯಲ್ಲಮ್ಮ."

"ಬೇಡ ಅನ್ನದೆ ಇನ್ನೇನನ್ನಲಿ?"

"ಹೋಗಿ ಈಗ ಹೂಂ ಅನ್ನು."

"ಅವರು ಕೇಳದೆ ನಾನು ಹೂಂ ಅನ್ನೋದಾ? ಯಾರ ಮನೆ ಹೆಣ್ಣುಮಗಳು ಅಂದ್ಕೊಂಡಿದೀಯ?"

ತಂಗಿ ಅಳು ಬರೋ ಧ್ವನೀಲಿ, "ಮಾಮ್, ಜಸ್ಟ್ ಸೇ ಯೆಸ್" ಅಂದ್ಲು. "ನೀನು ಸುಮ್ನಿರು, ಮಾನ ತೆಗೀಬೇಡ" ಅಂದ್ರು ಅಮ್ಮ. ಕಾರು ರಿವರ್ಸಲ್ಲಿ ಹೊರಡ್ತಾ ಇದೆ. ನಾಳೆ ಆಂಟಿ ಐರ್ಲೆಂಡಿಗೆ ವಾಪಸ್. ಅಪ್ಪನ ಹತ್ರ ಇನ್ನೊಂದು ಸಲ ಈ ವಿಷಯ ಎತ್ತೋ ಹಾಗಿಲ್ಲ.

ನಾನು ಓಡಿಹೋಗಿ ಕಾರಿನ ಹಿಂದೆ ನಿಂತೆ. ನಿಂತೇಬಿಟ್ಟೆ, ಎರಡು ಕೈ ಡಿಕ್ಕಿ ಮೇಲಿಟ್ಟು. ನರ್ಸು ಹಾರ್ನ್ ಹೊಡೆದ್ರು. ಎದುರು ಮನೆಯಾತ ನೀರು ಬಿಡ್ತಿದ್ದ ಪೈಪ್ ಹಿಡ್ಕೊಂಡು ಹಾಗೇ ನೋಡ್ತಿದ್ದ. ಆಂಟಿ ಕಿಟಕಿಯಿಂದ ತಲೆ ಹಾಕಿ, "ಏನಾಯ್ತೋ ನಿನಗೆ?" ಅಂದ್ರು.

"ಆಂಟಿ, ಅಮ್ಮ ಇನ್ನೂ ಒಂದೇ ಸಲ ಬೇಡ ಅಂದಿರೋದು."

ಅಷ್ಟೇ ಸಾಕಾಯ್ತು ಆಕೆಗೆ. ಬಾಗಿಲು ತೆಗೆದು ಇಳಿದ್ರು, ಕಾರಲ್ಲಿದ್ದ ತಮ್ಮ ತಂಗಿ ಕಡೆ ತಿರುಗಿ "ನಾನು ಹೇಳ್ಲಿಲ್ವಾ ನಿನಗೆ?" ಅಂತ ಗದರಿಸಿದ್ರು, ಸೀದಾ ಬಂದು ಅಮ್ಮನ ಎರಡೂ ಕೈ ಹಿಡಿದ್ರು. "ಕಳಿಸ್ತೀರ, ಕಳಿಸ್ಲೇಬೇಕು, ನಾನು ಬೇರೆ ಮಾತು ಕೇಳಲ್ಲ."

ಅಮ್ಮನಿಗೆ ಜೀವ ಬಂತು. "ಅಯ್ಯೋ, ಬೇಡಿ ಬೇಡಿ."

"ಕಳಿಸ್ತೀರ."

"ಇಲ್ಲ ಇಲ್ಲ, ನಿಮಗೆ ಕಷ್ಟ."

ಇಬ್ಬರಿಗೂ ನಗು, ಇಬ್ಬರ ಕಣ್ಣಲ್ಲೂ ನೀರು, ಕೈ ಹಿಡಿದು ಎಳೆದಾಡ್ತಿದಾರೆ. ಗದ್ದಲ ಕೇಳಿ ಅಪ್ಪ ಒಳಗಿಂದ ಬಂದು, ಜಗಳ ಅಂದ್ಕೊಂಡು ಇಬ್ಬರನ್ನೂ ಬಿಡಿಸಕ್ಕೆ ನೋಡಿದ್ರು. ಕೊನೆಗೆ ಅಮ್ಮ, ಬೇರೆ ದಾರೀನೇ ಇಲ್ಲ ಅನ್ನೋ ಹಾಗೆ ನಿಟ್ಟುಸಿರು ಬಿಟ್ಟು, "ನೀವು ಇಷ್ಟು ಬಲವಂತ ಮಾಡಿದ್ಮೇಲೆ ಹೇಗೆ ಇಲ್ಲ ಅನ್ನಲಿ" ಅಂದ್ರು. ನನ್ನ ತಂಗಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಲು. ನಮ್ಮಮ್ಮನ್ನ ನೋಡಿ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಎರಡು ದೇಶದ ಮರ್ಯಾದೆ ಒಟ್ಟಿಗೆ ಉಳಿಸಿದ್ರು.

ಈಗ ಅಪ್ಪ ನನಗೆ ಬೈತಾ ಇದಾರೆ, ಹೊರಟ ಕಾರಿಗೆ ಅಡ್ಡ ನಿಲ್ಲೋ ಮಗನ್ನ ಅಮೆರಿಕಾದಲ್ಲಿ ಸಾಕಿದ್ನಲ್ಲ ಅಂತ. ಅಮ್ಮನೂ ಸೇರ್ಕೊಂಡಿದಾರೆ, "ಅಷ್ಟು ಅವಸರ ಏನಿತ್ತು, ಅವರು ಮೂಲೆ ತಿರುಗಿ ತಾವಾಗೇ ವಾಪಸ್ ಬರ್ತಿದ್ರು" ಅಂತ. ನೀವೇ ಹೇಳಿ. ಕಾರ್ ರಿವರ್ಸಲ್ಲಿದೆ, ತಂಗಿ ಅಳ್ತಾ ಇದಾಳೆ, ಅಮ್ಮ ಇನ್ನೊಂದು ಸಲ ಬೇಡ ಅನ್ನಕ್ಕೆ ರೆಡಿಯಾಗಿ ನಿಂತಿದಾರೆ, ಕೇಳೋರೇ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ?