ಕಾಚಂಪುಳಿಯಲ್ಲಿ ನೆನೆದ ಮೂಳೆ

ನಮ್ಮ ಚಿಕ್ಕಪ್ಪನಷ್ಟು ಕಟ್ಟಾ ಸಸ್ಯಾಹಾರಿ ಇಡೀ ಶನಿವಾರಸಂತೆಯಲ್ಲಿ ಇರಲಿಲ್ಲ. ಅವರಷ್ಟು ಕೋಳಿಮೂಳೆ ಕೂಡಿಟ್ಟವರೂ ಇರಲಿಲ್ಲ! ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ಚಿಕ್ಕಪ್ಪ ವಿಜ್ಞಾನದ ಮೇಷ್ಟ್ರು. ಮನೆಯಲ್ಲೋ, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಸುವ ಅಜ್ಜಿ.

ಒಂದು ದಿನ ಪಾಠದ ನಡುವೆ ಸೀಮೆಸುಣ್ಣ ಪಟಕ್ಕನೆ ಮುರಿಯಿತಂತೆ. ಮೂಳೆಯಲ್ಲೂ ಇರುವುದು ಸುಣ್ಣದ ಅಂಶವೇ ತಾನೆ, ಅದೇಕೆ ಹೀಗೆ ಮುರಿಯುವುದಿಲ್ಲ? ಅಷ್ಟೇ, ತಲೆಗೆ ಹುಳ ಹೊಕ್ಕಿತು! ಸೀದಾ ಪಕ್ಕದ ತೋಟದ ಕೊಡವ ಹಿರಿಯರ ಮನೆಗೆ ಹೋಗಿ ಕೋಳಿಕಾಲಿನ ಮೂಳೆ ಕೇಳಿದರು.

"ಮೂಳೆ ಯಾಕೆ ಮೇಷ್ಟ್ರೇ, ಮಾಂಸನೇ ತಗೊಳ್ಳಿ. ನಾನು ಯಾರಿಗೂ ಹೇಳೋದಿಲ್ಲ!"

"ಎರಡು ಮೂಳೆ ಸಾಕು. ಜೊತೆಗೊಂದು ಸೀಸೆ ಕಾಚಂಪುಳಿ."

"ಹಂಗಾದ್ರೆ ನಮ್ಮ ನಾಯಿಗೆ ಏನು ಹಾಕ್ಲಿ?"

ಕಾಚಂಪುಳಿಯೆಂದರೆ ಕೊಡವರು ಹಂದಿಕರಿಗೆ ಹಾಕುವ ಕಪ್ಪು ಹುಳಿ. ಅದರಲ್ಲಿ ಒಂದು ಮೂಳೆ ಮುಳುಗಿಸಿ, ಬೆಚ್ಚಗಿರಲೆಂದು ಸೀಸೆಯನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟರು. ಎಂಥ ಜಾಗ ನೋಡಿ! ಎರಡು ವಾರ ಕಳೆದ ಮೇಲೆ ಅಜ್ಜಿ ಹುಣಸೆರಸವೆಂದುಕೊಂಡು ಅದನ್ನು ಸೌಟಿಗೆ ಬಗ್ಗಿಸಿದರು. ಹುಳಿಗಿಂತ ಮೊದಲು ಮೂಳೆ ಇಳಿಯಿತು.

"ಏನ್ಲಾ ಇದು?"

"ವಿಜ್ಞಾನ, ಅವ್ವಾ."

"ನಿನ್ನ ವಿಜ್ಞಾನಕ್ಕೆ ಕೋಳಿಕಾಲು ಐತಲ್ಲೋ!"

ಚಿಕ್ಕಪ್ಪನಿಗೆ ಬೈಗುಳ ಎಲ್ಲಿ ಕೇಳಿಸಬೇಕು? ಸೌಟಿನಿಂದ ಮೂಳೆ ಎತ್ತಿ ಹಗ್ಗದಂತೆ ಬಗ್ಗಿಸುತ್ತ ಕುಣಿದರು: "ಬಗ್ತೈತೆ ಅವ್ವಾ, ಬಗ್ತೈತೆ!"

ಅವತ್ತೇ ಅವರ ಪ್ರಯೋಗಶಾಲೆ ಕೊಟ್ಟಿಗೆಗೆ ವರ್ಗವಾಯಿತು. ಅಲ್ಲಿ ಎರಡನೆಯ ಮೂಳೆಯನ್ನು ಕೆಂಡದಲ್ಲಿ ಸುಟ್ಟರು. ಮುಟ್ಟಿದರೆ ಹಪ್ಪಳದಂತೆ ಪುಡಿಪುಡಿ! ಉಪನ್ಯಾಸ ಕೇಳಲು ನಾನು ಮತ್ತು ಎರಡು ಹಸು.

"ಹುಳಿ ಸುಣ್ಣಾನ ತಿಂತು, ಬರೀ ನಾರು ಉಳೀತು. ಬೆಂಕಿ ನಾರನ್ನ ತಿಂತು, ಬರೀ ಸುಣ್ಣ ಉಳೀತು. ಗೋಡೆ ಮಣ್ಣಿಗೆ ಹುಲ್ಲು ಕಲಸಲ್ವಾ? ಹಂಗೇ! ಕಣ್ಣಿಗೆ ಕಾಣದ ನಾರು, ಅದಕ್ಕಂಟಿದ ಸುಣ್ಣದ ಹರಳು, ಪದರದ ಮೇಲೆ ಪದರ. ಬಿರುಕು ಒಂದು ಪದರ ದಾಟೋದ್ರೊಳಗೆ ಇನ್ನೊಂದು ಅಡ್ಡ ಬರ್ತೈತೆ. ಸುತ್ತಿ ಸುತ್ತಿ ಸುಸ್ತಾಗಿ ನಿಂತುಬಿಡ್ತೈತೆ!"

ಹಸುಗಳು ತಲೆಯಾಡಿಸಿದವು, ನೊಣಗಳಿದ್ದವು. ಅಲ್ಲಿಂದ ಮುಂದೆ ಊರಿನ ಕೋಳಿಮೂಳೆಯೆಲ್ಲ ಆ ಕೊಟ್ಟಿಗೆಗೇ ಬಂದು ಸೇರತೊಡಗಿತು.

ಆ ಆಷಾಢದಲ್ಲಿ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮಡಿಕೇರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕರೆದರೆ ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರು.

"ಊರಿನ ಕೋಳಿಗಳದ್ದೆಲ್ಲಾ ನೋಡ್ದೆ, ನಂದೂ ನೋಡೋ," ಎಂದರು ಅಜ್ಜಿ.

"ಆಗಲ್ಲ ಅವ್ವಾ," ಎಂದರು ಚಿಕ್ಕಪ್ಪ, ಗೋಡೆಯಿಂದ ಮುಖ ತಿರುಗಿಸದೆ.

ಪಟ್ಟಿ ಬಿಚ್ಚುವವರೆಗೂ ಅಜ್ಜಿಗೆ ತುತ್ತು ಕಲಸಿ ತಿನ್ನಿಸಿದವರು ಅವರೇ. ಬಿಚ್ಚಿದ ದಿನ ಮೂಳೆ ಕೂಡಿತ್ತು. ಆದರೆ ಮಗನ ತಲೆ ಸವರಲು ಹೊರಟ ಬಡಕಲು ಕೈ ಮಡಿಲಿನಿಂದ ಮೇಲೇಳಲಿಲ್ಲ. ಚಿಕ್ಕಪ್ಪ ನೆಲದ ಮೇಲೆ ಕೂತು, ತಮ್ಮ ಅರೆಬೋಳು ತಲೆಯನ್ನು ಆ ಕೈಯ ಕೆಳಗೆ ತಂದಿಟ್ಟರು.